ಸಾರಿನೊಳಗಿನ ಬೆಲ್ಲ

ಜುಲೈ ೧೫, ಮಣಿಕೊಂಡ

ತಪ್ಪೊಪ್ಪಿಗೆ: ಇಂದು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಕೈಹಿಡಿದ ಹೆಂಡತಿಯ ಮೇಲೆಯೇ ಬೇಹುಗಾರಿಕೆ ನಡೆಸಿದೆ. ಸಿಹಿ ಬಿಟ್ಟು ಮೂರು ತಿಂಗಳಾದರೂ ನನ್ನ ಶುಗರ್ ಇಳಿದಿಲ್ಲ. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದ್ದಾರೆ. ನೋಡಿದರೆ, ಸ್ನೇಹಲತಾ ಕುದಿಯುವ ಸಾರಿಗೆ ನಿಂಬೆಗಾತ್ರದ ಬೆಲ್ಲ ಹಾಕಿದಳು!

“ಏನಿದು ದ್ರೋಹ?”

“ಬೆಲ್ಲ ರೀ. ಹುಣಸಿಹುಳಿ ಮುರೀಬೇಕಲ್ಲ? ನಮ್ಮವ್ವನೂ ಹಿಂಗಽ ಮಾಡತಿದ್ಲು. ನೀವು ಸಕ್ಕರಿ ಬ್ಯಾಡ ಅಂದಿದ್ರಿ, ಬೆಲ್ಲ ಬ್ಯಾಡ ಅಂದಿದ್ರೇನು?”

ಇರಾನಿ ಚಹಾದಂಗಡಿಯ ಮುಂದೆ ಉಸಿರು ಬಿಗಿಹಿಡಿದು ನಡೆದ ತಪಸ್ವಿಗೆ ಮನೆಯ ಸಾರೇ ಮೇನಕೆಯಾಯಿತು. ಯಾರನ್ನು ನಂಬುವುದು? ಒಂದು ಹರಳು ಸಕ್ಕರೆಯಿದ್ದರೂ ಪತ್ತೆಹಚ್ಚುತ್ತದೆಂದು ಆಫೀಸಿನಲ್ಲೆಲ್ಲ ಮೆರೆಸಿದ ನನ್ನ ನಾಲಿಗೆಯನ್ನೇ? ಅದು ಮೂರು ತಿಂಗಳಿಂದ ದಿನಾ ಎರಡು ಬಟ್ಟಲು ಹೀರಿ, “ಹುಳಿ ಭಾಳ ಛಲೋ ಐತಿ, ಇನ್ನಷ್ಟು ಹಾಕು” ಅಂದದ್ದು...