ಕಾಲು ನಿಂತಲ್ಲಿ ತಪ್ಪು

ಮಾರ್ಚ್ 4, ಮಂಗಳವಾರ, ಮಧ್ಯಾಹ್ನ

ಆಸ್ಪತ್ರೆಗೆ ಹೊಲಿದು ಕೊಡಬೇಕಾದ ಪರದೆಗಳು ಇನ್ನೂ ಬೇಕಾದಷ್ಟಿವೆ. ಉದ್ದುದ್ದ ನೇರ ಹೊಲಿಗೆ. ತಲೆ ಬೇಡ, ಕಾಲು ಸಾಕು. ಪಕ್ಕದ ಮೇಜಿನಲ್ಲಿ ಮಗಳು ಗುಬ್ಬಿ, ಎಂದಿನಂತೆ ಬಾಯಿಬಿಟ್ಟು ಹೇಳುತ್ತಾ ಲೆಕ್ಕ ಮಾಡುತ್ತಾಳೆ. ನಾನು ಮಿಷನ್ ತುಳಿಯುತ್ತಾ ಕೇಳುತ್ತೇನೆ. ಇವತ್ತು ಹತ್ತಕ್ಕೆ ಹತ್ತೂ ಸರಿ. ಬೀಜಗಣಿತ ಅಂದರೆ ಈಗ ನೀರು ಕುಡಿದ ಹಾಗೆ ಅವಳಿಗೆ. ಶಾಲೆ ಬಿಡಿಸಿ ಎರಡು ವರ್ಷವಾಯಿತು, ಹದಿನೈದು ತುಂಬಿತು. ಅಲ್ಲಿ ಗಣಿತದ ಮೇಡಂ ಬೆಂಚಿನ ಮೇಲೆ ನಿಲ್ಲಿಸಿ ಇಡೀ ಕ್ಲಾಸನ್ನು ನಗಿಸುತ್ತಿದ್ದರು. ಈಗ ಬಂದು ನೋಡಲಿ!

ಅಣ್ಣನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಜೀವನವಿಡೀ ಗಣಿತ ಕಲಿಸಿ ರಿಟೈರ್ ಆದವನು, ಸುಮ್ಮನೆ ಬಿಡುತ್ತಾನೆಯೇ.

"ಹೆತ್ತವಳಿಗೆ ಹೆಗ್ಗಣ ಮುದ್ದು ಕಣೇ. ಇಪ್ಪತ್ಮೂರಕ್ಕೆ ಬರ್ತೀನಿ, ನಾನೇ ಪರೀಕ್ಷೆ ಮಾಡ್ತೀನಿ."

ಗುಬ್ಬಿಯ ಅಪ್ಪ ಅಲ್ಲೇ ಕೂತು ಕೇಳಿಸಿಕೊಂಡರು. "ಭಾವ ಹೂಂ ಅಂದ್ರೆ ಮನೇಲೇ ಓದ್ಲಿ. ಇಲ್ಲ ಅಂದ್ರೆ ವಾಪಸ್ ಅದೇ ಶಾಲೆಗೆ. ಇದೇ ಕೊನೆ ಮಾತು."

ಗುಬ್ಬಿಯ ಮುಖ ಬಿಳುಚಿತು. ನಾನು ನಕ್ಕು ಬೆನ್ನು ತಟ್ಟಿದೆ.

ಮಾರ್ಚ್ 7, ಶುಕ್ರವಾರ

ಮಿಷನ್ ಬೆಲ್ಟ್ ಕಿತ್ತುಹೋಯಿತು. ಕಿಟಕಿ ಕಡೆ ಮುಖ ಮಾಡಿ ಗುಂಡಿ ವಿಂಗಡಿಸುತ್ತಾ ಲೆಕ್ಕ ಕೇಳಿದೆ. ಆರರಲ್ಲಿ ನಾಲ್ಕು ತಪ್ಪು. ಬ್ರಾಕೆಟ್ ಮುಂದೆ ಮೈನಸ್ ಬಂದರೆ ಸಾಕು, ಎಡವುತ್ತಾಳೆ.

"ಮಿಷನ್ ಯಾವಾಗ ರೆಡಿ ಆಗತ್ತಮ್ಮ?"

ನನ್ನ ಆರ್ಡರ್ ಬಗ್ಗೆ ಚಿಂತೆ, ಪಾಪ, ಎಂದುಕೊಂಡೆ.

ಮಾರ್ಚ್ 9, ಭಾನುವಾರ

ಹೊಸ ಬೆಲ್ಟ್ ಬಂತು. ಹತ್ತಕ್ಕೆ ಹತ್ತು. ಖುಷಿಪಡಬೇಕು... ಏನೋ ಸರಿಯಿಲ್ಲ.

ಮಾರ್ಚ್ 10, ಸೋಮವಾರ

ಇದನ್ನು ಬರೆಯಲೂ ನಾಚಿಕೆ.

5 − 2(x − 3) = 3x − 4. ಗುಬ್ಬಿ "ಐದು ಮೈನಸ್ ಎರಡು ಎಕ್ಸ್, ಮೈನಸ್ ಆರು" ಅಂದಳು. ಪ್ಲಸ್ ಆಗಬೇಕಿತ್ತು. ನನ್ನ ಕಾಲು ತಾನಾಗಿ ನಿಲ್ಲಹೊರಟಿತು. ಕಾಲಿಗೆ ಈ ಚಾಳಿ ಇದೆ ಎಂದು ನನಗೆ ಗೊತ್ತಾದದ್ದೇ ಆಗ. ಬಲವಂತವಾಗಿ ತುಳಿದೆ. ಅವಳು ತಪ್ಪಿನ ಮೇಲೇ ನಡೆದು, ಮೂರು ಬೈ ಐದು ಎಂದು ಬರೆದು, ನೆಮ್ಮದಿಯಾಗಿ ಗೆರೆ ಎಳೆದಳು.

ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. ಮುಂದಿನ ಲೆಕ್ಕದಲ್ಲಿ ಅವಳು ಸರಿಯಾಗಿಯೇ "ಪ್ಲಸ್ ಎಂಟು" ಅಂದಾಗ ಬೇಕೆಂದೇ ಕಾಲು ನಿಲ್ಲಿಸಿದೆ. ತಕ್ಷಣ ರಬ್ಬರ್ ಹಿಡಿದಳು. ಪ್ಲಸ್ ಅಳಿಸಿ ಮೈನಸ್ ಮಾಡಿದಳು. ತಲೆ ಎತ್ತಿ ಕೂಡ ನೋಡಲಿಲ್ಲ, ಅಷ್ಟು ನಂಬಿಕೆ ನನ್ನ ಕಾಲಿನ ಮೇಲೆ.

ಯಾಕೆ ಅಳಿಸಿದೆ ಎಂದು ಕೇಳಿದೆ.

"ಹೂಂ, ನೀನು ನಿಲ್ಲಿಸಿದ್ರೆ ತಪ್ಪು ಅಂತ. ನೀನು ಹೇಳ್ಕೊಡೋ ರೀತಿನೇ ಅದಲ್ವಾ?"

ಕೋಲೆ ಬಸವನಿಗೆ ತಲೆಯಾಡಿಸಲು ಕಲಿಸಿದ ಹಾಗಾಯಿತು, ಎರಡು ವರ್ಷ. ಮಗು ಮೋಸ ಮಾಡಿಲ್ಲ. ಮೋಸ ಮಾಡಿದ್ದು ನಾನು, ಇವತ್ತು ಬೆಳಿಗ್ಗೆ.

ಮಾರ್ಚ್ 18, ಮಂಗಳವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ತಾಳೆ ಹಾಕುವುದನ್ನು ಹೇಳಿಕೊಡುತ್ತಿದ್ದೇನೆ. ಬಂದ ಉತ್ತರವನ್ನು ಮೊದಲ ಸಾಲಿನಲ್ಲಿ ಹಾಕಿ ನೋಡು, ಎರಡೂ ಕಡೆ ಒಂದೇ ಬಂದರೆ ಸರಿ, ಆಗ ನಾನೂ ಬೇಡ, ಮಾಮನೂ ಬೇಡ. ಅವಳಿಗೆ ಬೇಜಾರು. "ನೀನು ಹೇಳಿದ್ರೆ ಮುಗೀತಲ್ಲಮ್ಮ..."

ಅವರಪ್ಪನಿಗೆ ಹೇಳಿಲ್ಲ. ಹೇಳಿದರೆ ನಾಳೆಯೇ ಆ ಶಾಲೆ, ಆ ಬೆಂಚು.

ಮಾರ್ಚ್ 23, ಭಾನುವಾರ, ಸಂಜೆ

ಅಣ್ಣ ಬಂದ. ಗುಬ್ಬಿಯನ್ನು ಒಳಕೋಣೆಗೆ ಕರೆದುಕೊಂಡು ಹೋದ. "ನೀನು ಆಚೆ ಇರು, ನಿನ್ನ ಹೊಲಿಗೆ ನೋಡ್ಕೋ" ಅಂದ. ಬಾಗಿಲು ತೆರೆದೇ ಇತ್ತು. ಗುಬ್ಬಿಯ ದನಿ ನನಗೆ, ನನ್ನ ಮಿಷನ್ ಸದ್ದು ಅವಳಿಗೆ ಕೇಳುತ್ತಿತ್ತು. ಐದು ಲೆಕ್ಕ ಸರಿ. ಆರನೆಯದರಲ್ಲಿ "ಮೈನಸ್ ಹದಿನೈದು" ಅಂದಳು.

ಕಾಲು ನಿಂತಿತು.

ಅಲ್ಲ. ನಿಲ್ಲಿಸಿದೆ. ಪರದೆ ಇನ್ನೂ ಎರಡು ಗಜ ಇತ್ತು, ನಿಲ್ಲಿಸಲು ಬೇರೆ ಯಾವ ಕಾರಣವೂ ಇರಲಿಲ್ಲ.

"ಅಲ್ಲ ಮಾಮ, ಪ್ಲಸ್."

"ಭೇಷ್!" ಅಣ್ಣ ಹೊರಗೆ ಬಂದು ಗುಬ್ಬಿಯ ಅಪ್ಪನಿಗೆ ಹೇಳಿದ, "ಹೆಗ್ಗಣ ಅಲ್ಲಪ್ಪ ಇದು, ಗಟ್ಟಿ ಇದೆ. ತನ್ನ ತಪ್ಪು ತಾನೇ ಹಿಡೀತು. ಮನೇಲೇ ಓದ್ಲಿ."

ಎಲ್ಲರೂ ಊಟಕ್ಕೆ ಕೂತರು. ನಾನು ಬಡಿಸುತ್ತಾ ನಿಂತೆ.

ಅಣ್ಣ ಹೊರಟ ಮೇಲೆ ಗುಬ್ಬಿ ಮಿಷನ್ ಪಕ್ಕ ಬಂದು ನಿಂತಳು. "ಅಮ್ಮ, ನೀನು ನಿಲ್ಲಿಸೋಕ್ ಮುಂಚೆನೇ ನಂಗೆ ಗೊತ್ತಾಗಿತ್ತು. ರಬ್ಬರ್ ಕೈಗೆ ತಗೊಂಡಿದ್ದೆ. ನಂಬ್ತೀಯಾ?"

"ನಂಬ್ತೀನಿ" ಅಂದೆ. ಆದರೆ ಒಂದು ಕ್ಷಣ ತಡವಾಯಿತು. ನನ್ನ ತಡ ಓದುವುದರಲ್ಲಿ ಪಳಗಿದವಳು ಅವಳು. ಒಳಗೆ ಹೋದಳು.

ಮಾರ್ಚ್ 24, ಸೋಮವಾರ, ಬೆಳಿಗ್ಗೆ ಹತ್ತು

ಗುಬ್ಬಿಯೇ ಮಿಷನ್ ಬೆಲ್ಟ್ ಕಳಚಿ ನನ್ನ ಮಡಿಲಿಗೆ ಹಾಕಿದಳು. ನನಗೆ ಬೆನ್ನು ಮಾಡಿ ಕೂತಳು. "ಹೊಸ ಲೆಕ್ಕ ಕೊಡು, ಪುಸ್ತಕದ್ದಲ್ಲ. ಕೊಟ್ಟು ಏನಾದ್ರೂ ಬರೀತಾನೇ ಇರು. ಸುಮ್ನೆ ಕೂತ್ರೆ ನಿನ್ನ ಉಸಿರೂ ಕೇಳಿಸತ್ತೆ."

ಅದಕ್ಕೇ ಈಗಲೇ ಇದನ್ನು ಬರೆಯುತ್ತಿದ್ದೇನೆ. 7 − 3(x − 4) = 2x + 9 ಕೊಟ್ಟಿದ್ದೇನೆ.

"ಏಳು ಮೈನಸ್ ಮೂರು ಎಕ್ಸ್... ಮೈನಸ್ ಹನ್ನೆರಡು."

ತಪ್ಪು. ಪೆನ್ನು ನಿಲ್ಲಬಾರದು. ಪರದೆ ನಾಳೆ ತಲುಪಿಸಬೇಕು. ನೀಲಿ ದಾರ ಮುಗಿದಿದೆ. ಅವಳು ಮುಂದೆ ಹೋಗುತ್ತಿದ್ದಾಳೆ. ನೀಲಿ ದಾರ ತರಬೇಕು, ಸೂಜಿ ತರಬೇಕು. ಮೈನಸ್ ಹದಿನಾಲ್ಕು ಬೈ ಐದಂತೆ. ಗೆರೆ ಎಳೆದಳು. ಅಯ್ಯೋ. ಬರೆಯುತ್ತಲೇ ಇದ್ದೇನೆ, ನೀಲಿ ದಾರ, ಬಿಳಿ ದಾರ, ಬಿಳಿ ಎರಡು ರೀಲು. "ತಾಳೆ ಹಾಕ್ತೀನಿ" ಅನ್ನುತ್ತಿದ್ದಾಳೆ. ಬಿಳಿ ಎರಡು, ನೀಲಿ ಮೂರು. "ಈ ಕಡೆ ಬೇರೆ, ಆ ಕಡೆ ಬೇರೆ... ಇಲ್ಲ. ಆಗ್ತಿಲ್ಲ." ರಬ್ಬರ್. ರಬ್ಬರಿನ ಸದ್ದು. ನನ್ನ ಪೆನ್ನು ನಿಂತಿರಲಿಲ್ಲ, ದೇವರಾಣೆ ನಿಂತಿರಲಿಲ್ಲ, ಅವಳೇ, ಗುಬ್ಬಿಯೇ