ಕೂತು ಮಾಡುವ ಕೆಲಸ

ಸಿಂಧನೂರು
ಸುಗ್ಗಿ, 1993

ತಮ್ಮಾ ಗಿಡ್ಡಪ್ಪ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇದನ್ನು ಯಾವ ಅಂಚೆಯವನಿಗೂ ಕೊಡುವಂತಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ರೈಸ್ ಮಿಲ್ಲಿನ ಧೂಳಿಗೆ ನಮ್ಮಿಬ್ಬರಿಗೂ ದಮ್ಮು ಹತ್ತಿದ ವರ್ಷ, ಕೂತು ಚೀಲ ಹೊಲಿಯುವ ಕೆಲಸ ಒಂದೇ ಖಾಲಿ ಇತ್ತು. ನಾನು ಸಾವುಕಾರನ ಮುಂದೆ ನಿಂತು ಕೂಗಾಡಿ ಅದನ್ನು ತೆಗೆದುಕೊಂಡೆ. ನೀನು ಉಸಿರು ಕಟ್ಟಿ ಬೀಳುವವರೆಗೂ ಚೀಲ ಹೊತ್ತೆ. "ಬಾಯಿದ್ದವ ಬದುಕ್ತಾನಲೇ, ನೀ ಬಾಯಿ ಸತ್ತವ" ಎಂದು ಎಲ್ಲರೆದುರು ಎಷ್ಟು ಸಲ ನಿನ್ನನ್ನು ಹಂಗಿಸಿದೆನೋ.

ಇವತ್ತು ಚಹಾದ ಹೊತ್ತಿಗೆ ಸಾವುಕಾರ ಅಮರಗುಂಡಪ್ಪ ನಿನ್ನ ಮಾತು ತೆಗೆದ.

"ಆ ಕೆಲಸ ಮೊದ್ಲ ಕೇಳಿದಾವ ಗಿಡ್ಡಪ್ಪ. ನಾನೂ ಹೂಂ ಅಂದಿದ್ದೆ. ಮರುದಿನ ನೀ ಬಂದು ಗದ್ಲ ಎಬ್ಬಿಸಿದಿ ನೋಡು, ಊರ ಹುಲಿ!"

"ಮತ್ತ ಅವ ಏನಂದನ್ರೀ?" ಎಂದು ಕೇಳಿದೆ.

"'ಇರ್ಲಿ ಬಿಡ್ರೀ, ಅಣ್ಣಗೂ ದಮ್ಮು ಐತಿ' ಅಂದ."

ಹಮಾಲರೆಲ್ಲ ನನ್ನತ್ತ ನೋಡಿದರು. ಅವರೊಳಗೆ ಕನಕರಾಯನೂ ಇದ್ದ. ಈಚೆಗೆ ಅವನಿಗೂ ದಮ್ಮು ಹತ್ತಿದೆ, ನಿನ್ನ ಹಾಗೆಯೇ ಏನನ್ನೂ ಕೇಳುವವನಲ್ಲ. ನಾನು ಎದ್ದು, "ಬಾರಪ್ಪ, ಇನ್ನ ನೀ ಕೂಡು" ಎನ್ನಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಏನ್ ನೋಡ್ತಿ, ಚೀಲ ಎತ್ತಲೇ" ಎಂದು ಅವನ ಮೇಲೆಯೇ ಹರಿಹಾಯ್ದೆ.

ಅವನು ಎತ್ತಿದ.

ವೆಂಕೋಬ