ರುಚಿ ಸಾಧಾರಣ

ಹೌಬೆಕ್, ನಿಮ್ಮಮ್ಮನ ಅಡುಗೆಮನೆಯ ಮೇಜು
ಗುರುವಾರ, ಸೆಪ್ಟೆಂಬರ್ 19, 1996

ನಮ್ಮ ಹಿಲರಿಗೆ ಸಿರಿಲ್ ಮಾವನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಲೀಡ್ಸಿನ ಹೊಗೆಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ನನಗೆ ಎಪ್ಪತ್ತೊಂದು ತುಂಬಿದರೂ ಎಡ ಮೊಣಕಾಲೊಂದು ಬಿಟ್ಟು ಉಳಿದದ್ದೆಲ್ಲ ಗಟ್ಟಿ. ಮೇಲಿನ ವಿಳಾಸ ನೋಡಿ ಹುಬ್ಬು ಗಂಟಿಕ್ಕಬೇಡ, ಬೀಗ ಒಡೆದು ನುಗ್ಗಿಲ್ಲ. ಈ ವಾರ ನಿನ್ನ ಕಾಟೇಜನ್ನು ರಜೆಗೆಂದು ಹಿಡಿದಿರುವ ಕರ್ನಲ್ ಪೆಂಬರ್ಟನ್ ನಾನೇ. ಹೋದ ವರ್ಷ ನಿಮ್ಮಮ್ಮ ಎಡ್ನಾ ತೀರಿಕೊಂಡ ಮೇಲೆ ಈ ಮನೆಯನ್ನು ನೀನು ಪ್ರವಾಸಿಗರಿಗೆ ಬಿಟ್ಟೆ. ಎಲ್ಲೆಲ್ಲಿಯವರೋ ಬಂದು ಮಲಗೆದ್ದು ಹೋದರು, ಅವಳ ಒಡಹುಟ್ಟಿದ ನನ್ನನ್ನು ಮಾತ್ರ ಒಂದು ಕಪ್ ಟೀಗೂ ಕರೆಯಲಿಲ್ಲ. ಅದಕ್ಕೇ ಕರ್ನಲ್ ಆದೆ. ಊರ ಶಾಲೆ ದಾಟದವನು ಬರೆದ ಕಾಗದಕ್ಕೆ ನಿನ್ನ ಏಜೆಂಟರು ಸಾಲಿಗೊಂದು 'ಸರ್' ಹಚ್ಚಿ ಉತ್ತರ ಕೊಟ್ಟರು, ಗೊತ್ತೇ!

ಬೀಗದ ಕೈ ಕೊಡಲು ಬಂದ ಡೋರೀನಳ ಮುಂದೆ ಮಾತ್ರ ನನ್ನ ಬೇಳೆ ಬೇಯಲಿಲ್ಲ. ಶಾಲೆಯಲ್ಲಿ ಪಕ್ಕದ ಬೆಂಚಿನವಳಲ್ಲವೇ! "ಏನೋ ಸಿರಿಲ್, ಕರ್ನಲ್ ಆದ್ಯಂತೆ? ನಿನ್ ಮನೆ ಕೋಳಿನೇ ನಿನ್ ಮಾತ್ ಕೇಳಲ್ಲ, ಸೈನ್ಯ ಕೇಳತ್ತಾ?" ಎಂದು ನಕ್ಕಳು. ಆಮೇಲೆ ನಗು ನುಂಗಿ, "ಹಿಲರಿಗೆ ಗೊತ್ತಾದ್ರೆ ನನ್ ಕೆಲ್ಸ ಹೋಗತ್ತೆ ಕಣೋ" ಎಂದಳು. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನು ಬಿಡು.

ಅತಿಥಿಗಳಿಗೆಂದು ನೀನು ಇಡಿಸುವ ಊರ ತಿನಿಸಿನ ಬುಟ್ಟಿಗೆ ಹೆಸರಿಡುವಂತಿಲ್ಲ. ಹಾವಿನಂತೆ ಸುರುಳಿ ಸುತ್ತಿದ ಸಾಸೇಜು ಮೂವರಿಗಾಗುವಷ್ಟಿತ್ತು, ಒಬ್ಬನೇ ಮುಗಿಸಿದೆ. ಕುರಿಹಾಲಿನ ಚೀಸನ್ನೂ ಬಾತುಮೊಟ್ಟೆಯನ್ನೂ ಬಿಡಲಿಲ್ಲ. ಆದರೆ ಡ್ಯಾಮ್ಸನ್ ಹಣ್ಣಿನ ಜಾಮಿನ ಬಾಟಲಿಯ ಮೇಲೆ 'ಅಜ್ಜಿಯ ಅಡುಗೆಮನೆಯದು' ಎಂದು ಅಚ್ಚಾಗಿದೆಯಲ್ಲ, ಅದು ಯಾವ ಅಜ್ಜಿಯೇ? ಸಕ್ಕರೆಗೆ ನೇರಳೆ ಬಣ್ಣ ಬಳಿದಂತಿದೆ. ಹಿತ್ತಿಲಲ್ಲಿ ಎಡ್ನಾಳ ಮರ ಹಣ್ಣು ಸುರಿಸುತ್ತಿದೆ, ಅದು ಕಣಜಗಳ ಪಾಲು. ನಿನ್ನ ಅತಿಥಿಗಳು ಚಪ್ಪರಿಸುವುದು ಅಂಗಡಿಯದನ್ನು.

ಇದನ್ನು ಹೇಳಲು ನಿನಗೇನು ಹಕ್ಕು ಎನ್ನುತ್ತೀಯ. ಊರ ಪ್ರದರ್ಶನದಲ್ಲಿ ಹತ್ತೊಂಬತ್ತು ವರ್ಷ ಜಾಮಿನ ತೀರ್ಪುಗಾರನಾಗಿದ್ದವನು ನಾನು; ಕಣ್ಣು ಕಟ್ಟಿ ಒಂದು ಚಮಚ ಕೊಟ್ಟರೆ ಯಾರ ಒಲೆಯದೆಂದು ಹೇಳುತ್ತಿದ್ದೆ. ಐದು ವರ್ಷದ ಹಿಂದೆ, ಆ ಸಲ 'ಬೀಜವಿಲ್ಲದ ಡ್ಯಾಮ್ಸನ್ ಜಾಮ್' ಎಂದು ನಿಯಮ. ಬಾಟಲಿಗಳ ಮೇಲೆ ಹೆಸರಿರುವುದಿಲ್ಲ. ಆದರೆ ಒಂದರ ಮುಚ್ಚಳಕ್ಕೆ ಕಟ್ಟಿದ್ದ ನೀಲಿ ಚೌಕುಳಿ ಬಟ್ಟೆ ನಮ್ಮಮ್ಮನ ಹಳೆಯ ಏಪ್ರನ್ನಿನದು, ನನಗೆ ತಿಳಿಯದೇ? ಗಾಜಿಗಂಟಿಕೊಂಡು ಒಂದು ಬೀಜ ಕಂಡಿತು. ತಂಗಿಯೆಂದು ಮೆತ್ತಗಾದ ಎಂದು ಊರು ಆಡಿಕೊಳ್ಳಬಾರದಲ್ಲ. 'ಬೀಜ ಒಂದು. ರುಚಿ ಸಾಧಾರಣ' ಎಂದು ಚೀಟಿ ಬರೆದು ಕಟ್ಟಿದೆ. ಎಲ್ಲರೂ ಓದಿದರು. ನಾಲ್ಕು ವರ್ಷ ಎಡ್ನಾ ನನ್ನೊಡನೆ ಮಾತಾಡಲಿಲ್ಲ; ಆಮೇಲೆ ಮಾತಾಡಲು ಅವಳೇ ಇರಲಿಲ್ಲ. ಮಣ್ಣು ಮಾಡಿದ ದಿನ ನೀನು, "ಒಂದು ಬೀಜಕ್ಕೆ ಅಮ್ಮನ್ನ ಊರೆದುರು ಅಳಿಸಿಬಿಟ್ಯಲ್ಲ ಮಾವ. ಅವಳು ಮತ್ತೆ ಜಾಮ್ ಮಾಡ್ಲೇ ಇಲ್ಲ" ಎಂದೆ. ನಿಯಮ ಅಂದರೆ ನಿಯಮ ಎಂದು ನಾನು ಎದೆ ಸೆಟೆಸಿಕೊಂಡು ನಿಂತಿದ್ದೆ.

ಚಳಿ ಶುರುವಾಯಿತು, ಕೊರಳಿಗೆ ಉಣ್ಣೆ ಸುತ್ತಿಕೋ. ಡೆರೆಕ್‌ನನ್ನು ಕೇಳಿದೆನೆಂದು ಹೇಳು. ಗಂಡ ಹೆಂಡತಿ ಸುಖವಾಗಿರಿ.

ನಿನ್ನ ಮಾವ,
ಸಿರಿಲ್
(ನಿವೃತ್ತ ಕರ್ನಲ್)

ಲಕೋಟೆ ಅಂಟಿಸುವ ಮುನ್ನ: ನೀನು ಬೀಗ ಹಾಕಿಟ್ಟ ಕಪಾಟನ್ನು ತೆರೆದೆ. ಕೀಲಿ ಎಡ್ನಾ ತೂಗುಹಾಕುತ್ತಿದ್ದ ಮೊಳೆಯಲ್ಲೇ ಇತ್ತು. ಆ ಬಾಟಲಿ ಒಳಗಿದೆ, ನನ್ನ ಚೀಟಿಯ ಸಮೇತ. ಮುಚ್ಚಳ ತೆಗೆದೆ. ಜಾಮಿನ ಮೇಲೆ ಅವಳು ಒತ್ತಿದ ಮೇಣದ ಕಾಗದ ಒತ್ತಿದಂತೆಯೇ ಇತ್ತು, ಯಾವ ಚಮಚವೂ ಅದನ್ನು ಹರಿದಿರಲಿಲ್ಲ. ಹಿಲರಿ, ಅಂದು ನಾನು ರುಚಿ ನೋಡಲೇ ಇಲ್ಲ. ಬಾಟಲಿಯನ್ನು ಮನೆಗೆ ತಂದು ತೆರೆದ ದಿನವೇ ಅವಳಿಗೆ ಅದು ತಿಳಿದಿದೆ. ಯಾರಿಗೂ ಹೇಳಲಿಲ್ಲ, ನಿನಗೂ. ಹೇಳಿದ್ದರೆ ಊರಲ್ಲಿ ನಾನು ತಲೆಯೆತ್ತುವಂತಿರಲಿಲ್ಲ. ಈಗ ತಿಂದೆ. ಈ ಕಣಿವೆಯಲ್ಲಿ ಅಂಥದ್ದನ್ನು ನಾನು ತಿಂದಿಲ್ಲ. ಅರ್ಧ ನಿನಗಿಟ್ಟಿದ್ದೇನೆ, ಶನಿವಾರ ಹೊಸಬರು ಬರುವ ಮೊದಲು ಬಾ. ಆ ಬೀಜ ನನ್ನ ಬಾಯಲ್ಲಿದೆ. ಉಗುಳಲು ಆಗುತ್ತಿಲ್ಲ.